ಸಿಸ್ಟಂ ಬದಲಿಸುವ ಮೊದಲು ಕಡತ ಬಿಡಿಸಿಕೊಳ್ಳಿ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. 2015ರ ಜುಲೈನಲ್ಲಿ ಬಂದು ಹತ್ತು ವರ್ಷ ಮನೆ, ಶಾಲೆ, ಅಂಗಡಿ, ಕಚೇರಿಗಳಲ್ಲಿ ದುಡಿದ ಆಪರೇಟಿಂಗ್ ಸಿಸ್ಟಂ ಅದು. ಆ ದಿನ ಯಾರ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಆದರೆ ಇನ್ನು ಮುಂದೆ ಅದರಲ್ಲಿ ಹೊಸ ದೋಷ ಪತ್ತೆಯಾದರೆ ಸರಿಪಡಿಸಿ ಕೊಡುವ ಹೊಣೆ ಕಂಪನಿಗಿಲ್ಲ. ಮನೆಬಳಕೆದಾರರಿಗೆಂದು ಘೋಷಿಸಿದ ಹೆಚ್ಚುವರಿ ಅವಧಿಯೂ ಒಂದು ವರ್ಷದ್ದು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. 2017ಕ್ಕಿಂತ ಹಿಂದೆ ಕೊಂಡು ಇನ್ನೂ ಗಟ್ಟಿಮುಟ್ಟಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಈ ಷರತ್ತಿನಿಂದಲೇ ಹೊರಗುಳಿದವು. ಅವುಗಳ ಒಡೆಯರಿಗೆ ಈಗ ಉಳಿದಿರುವುದು ಎರಡು ದಾರಿ: ಹೊಸ ಕಂಪ್ಯೂಟರ್ ಕೊಳ್ಳುವುದು, ಇಲ್ಲವೇ ಇರುವ ಯಂತ್ರಕ್ಕೆ ಉಬುಂಟು, ಲಿನಕ್ಸ್ ಮಿಂಟ್‌ನಂಥ ಲಿನಕ್ಸ್ ಬಗೆಯ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಸುವುದು.

ಎರಡನೆಯ ದಾರಿಯ ಮಾತೆತ್ತಿದ ಕೂಡಲೇ ಬರುವ ಪ್ರಶ್ನೆ ಒಂದೇ: ಇಷ್ಟು ವರ್ಷ ಒಂದಕ್ಕೆ ಒಗ್ಗಿದ ಕೈ ಇನ್ನೊಂದಕ್ಕೆ ಒಗ್ಗೀತೇ? ಐವತ್ತು ದಾಟಿದವರು, ಕಚೇರಿಯಲ್ಲಿ ಒಂದೇ ಬಗೆಯ ಕೆಲಸ ಮಾಡುತ್ತ ಬಂದವರು, ನಿವೃತ್ತ ಶಿಕ್ಷಕರು ಇದನ್ನು ಆತಂಕದಿಂದಲೇ ಕೇಳುತ್ತಾರೆ. ಆ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಅದು ತಪ್ಪು ಜಾಗದಲ್ಲಿ ಬೇರೂರಿದೆ ಎಂಬುದೇ ನನ್ನ ವಾದ. ಹೊಸ ಸಿಸ್ಟಂ ಕಲಿಯುವ ಕಷ್ಟ ಈ ಬದಲಾವಣೆಯಲ್ಲಿ ಎಲ್ಲಕ್ಕಿಂತ ಸಣ್ಣದು, ಕೆಲವು ವಾರಗಳಲ್ಲಿ ಕರಗುವಂಥದ್ದು. ನಮ್ಮನ್ನು ಹಳೆಯದಕ್ಕೆ ನಿಜವಾಗಿ ಕಟ್ಟಿಹಾಕಿರುವುದು ವರ್ಷಗಟ್ಟಲೆ ಕೂಡಿಟ್ಟ ಕಡತಗಳು, ಅವು ಉಳಿದುಕೊಂಡಿರುವ ರೂಪ. ಆ ಗಂಟನ್ನು ಮೊದಲು ಬಿಚ್ಚಿಕೊಂಡವರಿಗೆ ಸಿಸ್ಟಂ ಬದಲಿಸುವುದು ಸುಲಭ. ಬಿಚ್ಚಿಕೊಳ್ಳದವರು ಅದೇ ವಿಂಡೋಸ್‌ನಲ್ಲಿ ಉಳಿದರೂ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾರೆ.

ಮೊದಲು ಕೈ ಒಗ್ಗುವ ಮಾತು. ಹಳೆಯ ಅಭ್ಯಾಸ ಹೊಸ ಕಲಿಕೆಗೆ ಅಡ್ಡ ಬರುತ್ತದೆಯೇ ಎಂಬುದನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾರ್ಕ್ ಸಿಂಗ್ಲಿ ಮತ್ತು ಜಾನ್ ಆ್ಯಂಡರ್‌ಸನ್ 1980ರ ದಶಕದಲ್ಲಿ ಪರೀಕ್ಷಿಸಿ ನೋಡಿದರು. ಇಮ್ಯಾಕ್ಸ್ ಎಂಬ ಬರೆವಣಿಗೆಯ ತಂತ್ರಾಂಶದಲ್ಲಿ ಪಳಗಿದವರಿಗೆ ಅದೇ ತಂತ್ರಾಂಶವನ್ನು, ಯಾವ ಕೀಲಿ ಒತ್ತಿದರೆ ಯಾವ ಕೆಲಸ ಆಗಬೇಕು ಎಂಬುದನ್ನೆಲ್ಲ ಬೇಕೆಂದೇ ಅದಲುಬದಲು ಮಾಡಿ ಕೊಟ್ಟರು. ಅಭ್ಯಾಸ ಮುಳುವಾಗುವುದಾದರೆ ಅಲ್ಲಿ ಆಗಬೇಕಿತ್ತು. ಅವರು ಒಂದಿಷ್ಟು ಎಡವಿದ್ದು ನಿಜ. ಆದರೂ ಏನೂ ಗೊತ್ತಿಲ್ಲದೆ ಹೊಸದಾಗಿ ಶುರು ಮಾಡಿದವರಿಗಿಂತ ಬಹಳ ಮುಂದಿದ್ದರು. ಕಾರಣ ಇಷ್ಟೇ. ಇಷ್ಟು ವರ್ಷ ನಾವು ಕಲಿತದ್ದು ಬರಿಯ ಕೀಲಿಗಳ ಜಾಗವನ್ನಷ್ಟೇ ಅಲ್ಲ. ಕಡತ ಎಂದರೇನು, ಉಳಿಸುವುದು ಎಂದರೇನು, ಒಂದು ಕಡೆಯದನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸುವುದು ಹೇಗೆ, ತಪ್ಪಿದರೆ ಹಿಂದಕ್ಕೆ ಹೋಗುವುದು ಹೇಗೆ ಎಂಬುದನ್ನು ಕಲಿತಿದ್ದೇವೆ. ಆ ತಿಳಿವಳಿಕೆ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ.

ಎಡವುವ ಜಾಗಗಳು ಇದ್ದೇ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಲಿನಕ್ಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬ ವಿಂಗಡಣೆ ಕಾಣುವುದಿಲ್ಲ. ಎಲ್ಲವೂ ಒಂದೇ ಬೇರಿನಿಂದ ಕವಲೊಡೆಯುತ್ತದೆ, ಪೆನ್‌ಡ್ರೈವ್ ಚುಚ್ಚಿದರೆ ಅದೂ ಆ ಮರದ ಒಂದು ಕೊಂಬೆಯಾಗಿ ಸೇರಿಕೊಳ್ಳುತ್ತದೆ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳನ್ನು ಅದು ಬೇರೆ ಬೇರೆಯೆಂದೇ ಎಣಿಸುತ್ತದೆ; ವಿಂಡೋಸ್‌ನಲ್ಲಿ ಒಂದೇ ಅನ್ನಿಸಿಕೊಳ್ಳುತ್ತಿದ್ದ ಹೆಸರುಗಳು ಇಲ್ಲಿ ಎರಡು ಕಡತಗಳಾಗಿ ಕೂರುತ್ತವೆ. ಆ್ಯಪಲ್‌ನ ಮ್ಯಾಕ್ ಕೊಂಡು ಅದಕ್ಕೆ ಹೋದವರಿಗೆ ಕಂಟ್ರೋಲ್ ಕೀಲಿಯ ಕೆಲಸವನ್ನು ಸ್ಪೇಸ್‌ಬಾರ್ ಪಕ್ಕದ ಕಮಾಂಡ್ ಕೀಲಿ ಮಾಡುತ್ತದೆ. ಅಲ್ಲಿ ಕಿಟಕಿ ಮುಚ್ಚಿದರೂ ಸಾಮಾನ್ಯವಾಗಿ ತಂತ್ರಾಂಶ ಹಿಂದೆ ನಡೆಯುತ್ತಲೇ ಇರುತ್ತದೆ. ಮೊದಲ ವಾರ ಇವೆಲ್ಲ ಕಿರಿಕಿರಿಯೇ. ಆದರೆ ವಿಂಡೋಸ್‌ನಲ್ಲೇ ಉಳಿದವರು ಇಂಥ ಕಿರಿಕಿರಿ ಅನುಭವಿಸಿಲ್ಲವೇ? 2007ರ ಆಫೀಸ್‌ನಲ್ಲಿ ಮೆನುಗಳೆಲ್ಲ ಮಾಯವಾಗಿ ರಿಬ್ಬನ್ ಬಂತು. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನೇ ಇರಲಿಲ್ಲ. 2021ರ ವಿಂಡೋಸ್ 11 ಅದನ್ನು ಮೂಲೆಯಿಂದ ನಡುವಿಗೆ ತಂದು ಕೂರಿಸಿತು. ಇದ್ದಲ್ಲೇ ಇದ್ದವರೂ ಮತ್ತೆ ಮತ್ತೆ ಹೊಸದಾಗಿ ಕಲಿತಿದ್ದಾರೆ, ಅವರನ್ನು ಯಾರೂ ಕೇಳದಿದ್ದರೂ.

ಇನ್ನೂ ದೊಡ್ಡ ಸಾಕ್ಷಿ ನಮ್ಮೆಲ್ಲರ ಕೈಯಲ್ಲಿದೆ. ಗುಂಡಿ ಒತ್ತುವ ಮೊಬೈಲ್ ಬಿಟ್ಟು ಆಂಡ್ರಾಯ್ಡ್ ಫೋನ್ ಹಿಡಿದ ಕೋಟ್ಯಂತರ ಜನ ಯಾವ ತರಗತಿಗೂ ಹೋಗಲಿಲ್ಲ, ಕೈಪಿಡಿ ಓದಲಿಲ್ಲ. ಅದು ಪೂರ್ತಿ ಬೇರೆಯದೇ ಆಪರೇಟಿಂಗ್ ಸಿಸ್ಟಂ. ಅದರ ತಿರುಳಿನಲ್ಲಿರುವುದು ಲಿನಕ್ಸ್. ಊರಿನ ಹಿರಿಯರು ಅದರಲ್ಲೇ ಕನ್ನಡ ಬೆರಳಚ್ಚು ಕಲಿತರು, ಹಣ ಕಳಿಸುವುದನ್ನೂ ಕಲಿತರು. ಆ ದಾಟುವಿಕೆ ಅಷ್ಟು ಸಲೀಸಾಗಿದ್ದೇಕೆ? ಹಳೆಯ ಫೋನಿನಿಂದ ಹೊತ್ತು ತರಬೇಕಾದದ್ದು ಒಂದಿಷ್ಟು ನಂಬರುಗಳನ್ನು ಬಿಟ್ಟರೆ ಏನೂ ಇರಲಿಲ್ಲ. ಹೊರೆ ಇಲ್ಲದಿದ್ದಾಗ ಜನ ಅಂಜದೆ ದಾಟುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಿಲ್ಲ.

ಕಂಪ್ಯೂಟರ್‌ನಲ್ಲಿ ಹೊರೆ ಇದೆ, ಕನ್ನಡದಲ್ಲಿ ಕೆಲಸ ಮಾಡಿದವರಿಗಂತೂ ಅದು ದುಪ್ಪಟ್ಟು. 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಮುದ್ರಣಾಲಯಗಳ ಶ್ರೀಲಿಪಿ ಇವುಗಳ ದೆಸೆಯಿಂದಲೇ ಕನ್ನಡ ಕಂಪ್ಯೂಟರಿಗೆ ಇಳಿಯಿತು; ಆ ಋಣ ಸಣ್ಣದಲ್ಲ. ಆದರೆ ಅಂದಿನ ಯಂತ್ರಗಳಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಹಾಗಾಗಿ ಈ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳನ್ನೇ ಎರವಲು ಪಡೆದು, ಫಾಂಟಿನಲ್ಲಿ ಅವುಗಳ ಜಾಗಕ್ಕೆ ಕನ್ನಡದ ಆಕಾರಗಳನ್ನು ಕೂರಿಸಿದವು. ಹಳೆಯ ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಮೊದಲು ಇಂಗ್ಲಿಷಿನ ದೊಡ್ಡ ಪಿ, ಆಮೇಲೆ ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಕಡತದ ಒಳಗೆ ನಿಜಕ್ಕೂ ಇರುವುದು ಅಷ್ಟೇ. ಕನ್ನಡ ಇರುವುದು ಫಾಂಟಿನಲ್ಲಿ. ಫಾಂಟ್ ಹೋದರೆ ಕನ್ನಡವೂ ಹೋಯಿತು.

ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆ ಈ ಸಮಸ್ಯೆಯನ್ನು ಬುಡದಲ್ಲೇ ಬಗೆಹರಿಸಿತು. ಅದರಲ್ಲಿ ‘ಕ’ ಎಂಬುದಕ್ಕೆ ತನ್ನದೇ ಸಂಕೇತವಿದೆ. ಯಾವ ಫಾಂಟ್ ಇದ್ದರೂ, ಯಾವ ಸಿಸ್ಟಂ ಇದ್ದರೂ ಅದು ‘ಕ’ವೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂತು, ಮುಂದೆ ನುಡಿ ಮತ್ತು ಬರಹ ಎರಡೂ ಯೂನಿಕೋಡ್ ಅಳವಡಿಸಿಕೊಂಡವು. ಹಾಗಿದ್ದೂ ಹಳೆಯ ರೂಪದ ಬಳಕೆ ನಿಲ್ಲಲಿಲ್ಲ. ಮುಖ್ಯ ಕಾರಣ ಮುದ್ರಣಕ್ಕೆ ಪುಟ ಜೋಡಿಸುವ ಡಿಟಿಪಿ ಕೆಲಸ. 2001ರ ಏಳನೇ ಆವೃತ್ತಿಯೊಂದಿಗೆ ಬೆಳವಣಿಗೆ ನಿಂತುಹೋದ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ; ಅದನ್ನು ಬಿಡದ ಪ್ರೆಸ್ಸುಗಳಿಗೆ ಹಳೆಯ ನುಡಿ, ಶ್ರೀಲಿಪಿಯ ಕಡತಗಳೇ ಬೇಕಾದವು. ಪ್ರೆಸ್ಸಿಗೆ ಬೇಕಾದ್ದರಿಂದ ಲೇಖಕರು ಹಾಗೆಯೇ ಟೈಪ್ ಮಾಡಿದರು, ಪ್ರಕಾಶಕರು ಹಾಗೆಯೇ ಇಟ್ಟುಕೊಂಡರು. ಮಠಗಳ ದಾಖಲೆ, ಸಹಕಾರ ಸಂಘಗಳ ನಡಾವಳಿ, ಜಿಲ್ಲಾ ಸಾಹಿತ್ಯ ಸಮ್ಮೇಳನಗಳ ಸ್ಮರಣ ಸಂಚಿಕೆ, ಪಿಎಚ್‌ಡಿ ಪ್ರಬಂಧ, ಇವೆಲ್ಲ ಹೀಗೆ ಫಾಂಟಿನ ಹಂಗಿನಲ್ಲಿ ಉಳಿದಿವೆ. ಸಾಮಾನ್ಯ ತಂತ್ರಾಂಶಗಳಿಂದ ಅವುಗಳಲ್ಲಿ ಒಂದು ಪದ ಹುಡುಕಲು ಆಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅವು ಅರ್ಥವಾಗುವುದಿಲ್ಲ. ಲಿನಕ್ಸ್‌ಗೆ ಬಂದವರು ಇಂಥ ಕಡತ ತೆರೆದು ಚಿಹ್ನೆಗಳ ರಾಶಿ ಕಂಡು ‘ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ’ ಎನ್ನುವುದುಂಟು. ಬಾರದಿರುವುದು ಆ ಕಡತದಲ್ಲಿರುವ ಕನ್ನಡ. ನೋಟೋ, ಲೋಹಿತ್, ಗುಬ್ಬಿ, ನವಿಲು ಮುಂತಾದ ಕನ್ನಡ ಫಾಂಟುಗಳು ಲಿನಕ್ಸ್‌ನಲ್ಲಿ ಬಿಡಿಗಾಸಿಲ್ಲದೆ ಸಿಗುತ್ತವೆ.

ಪರಿವರ್ತಿಸುವ ತಂತ್ರಾಂಶಗಳು ಇವೆ, ಉಚಿತವಾಗಿಯೇ ಇವೆ. ಆದರೆ ಗುಂಡಿ ಒತ್ತಿ ಮರೆತುಬಿಡುವ ಕೆಲಸ ಅದಲ್ಲ. ‘ಧರ್ಮ’ ಎಂಬ ಪದ ನೋಡಿ. ಹಳೆಯ ರೂಪದಲ್ಲಿ ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲೇ ಇಡುತ್ತಾರೆ: ಮೊದಲು ಧ, ಆಮೇಲೆ ಮ, ಅದರ ಬಲಕ್ಕೆ ಅರ್ಕಾವತ್ತು. ಯೂನಿಕೋಡ್ ಉಚ್ಚಾರದ ಕ್ರಮ ಕೇಳುತ್ತದೆ: ಧ, ರ, ಹಲಂತ, ಮ. ಅಂದರೆ ಪರಿವರ್ತಕವು ಅರ್ಕಾವತ್ತನ್ನು ಗುರುತಿಸಿ ಹಿಂದಕ್ಕೆ ಒಯ್ದು ಸರಿಯಾದ ಜಾಗದಲ್ಲಿ ಇಡಬೇಕು. ಒತ್ತಕ್ಷರಕ್ಕೆ ಸ್ವರಚಿಹ್ನೆಯೂ ಕೂಡಿಕೊಂಡಲ್ಲಿ ತಪ್ಪಾಗುವ ಸಂಭವ ಇನ್ನೂ ಹೆಚ್ಚು. ನಡುವೆ ಇಂಗ್ಲಿಷ್ ಪದವೋ ಇಮೇಲ್ ವಿಳಾಸವೋ ಬಂದರೆ, ಪರಿವರ್ತಕಕ್ಕೆ ಅದೂ ಹಳೆಯ ಕನ್ನಡದ ಸಂಕೇತದಂತೆಯೇ ಕಂಡು ಅರ್ಥವಿಲ್ಲದ ಅಕ್ಷರಗಳಾಗಿ ಹೊರಬರುತ್ತದೆ. ಆದ್ದರಿಂದ ಯಾರಾದರೂ ಕೂತು ಓದಿ ತಿದ್ದಲೇಬೇಕು. ಮೂಲ ಫಾಂಟ್ ಕೆಲಸ ಮಾಡುವ ಹಳೆಯ ಯಂತ್ರ ಪಕ್ಕದಲ್ಲಿ ಇನ್ನೂ ಬದುಕಿರುವಾಗ, ಎರಡನ್ನೂ ಹೋಲಿಸಿ ನೋಡಲು ಸಾಧ್ಯವಿರುವಾಗ ಇದನ್ನು ಮಾಡುವುದು ಜಾಣತನ. ಸಿಸ್ಟಂ ಬದಲಿಸುವುದಕ್ಕೆ ಮೊದಲೇ ಈ ಕೆಲಸ ಆಗಬೇಕು ಎನ್ನುವುದಕ್ಕೆ ನನ್ನ ಮೊದಲ ಕಾರಣ ಇದು.

ಎರಡನೆಯ ಕಾರಣವನ್ನು ಈ ದಾರಿ ತುಳಿದ ದೊಡ್ಡ ಸಂಸ್ಥೆಗಳ ಅನುಭವ ಕೊಡುತ್ತದೆ. ಫ್ರಾನ್ಸಿನ ಗ್ರಾಮಾಂತರ ಪೊಲೀಸ್ ಪಡೆ ಜಾಂದಾರ್ಮರಿ ಇಂದು ಲಿನಕ್ಸ್ ಬಳಸುವ ಬಹು ದೊಡ್ಡ ಸರ್ಕಾರಿ ಸಂಸ್ಥೆಗಳಲ್ಲಿ ಒಂದು. ಅವರು ಮೊದಲ ದಿನವೇ ವಿಂಡೋಸ್ ಕಿತ್ತೆಸೆಯಲಿಲ್ಲ. 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶ ತಂದರು; ಪತ್ರ, ವರದಿಗಳೆಲ್ಲ ಮುಕ್ತ ರೂಪಕ್ಕೆ ಬರತೊಡಗಿದವು. 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರ್, ಥಂಡರ್‌ಬರ್ಡ್ ಇಮೇಲ್ ತಂತ್ರಾಂಶ ಬಂದವು. ಸಿಬ್ಬಂದಿಯ ಕೈಗೆ ಇವೆಲ್ಲ ಹತ್ತಿದ ಮೇಲೆ, 2008ರಿಂದ, ಅಡಿಯಲ್ಲಿದ್ದ ಆಪರೇಟಿಂಗ್ ಸಿಸ್ಟಂ ಬದಲಾಗಿ ಉಬುಂಟು ಬಂತು. 2013ರ ಹೊತ್ತಿಗೆ 37,000 ಕಂಪ್ಯೂಟರುಗಳು ಬದಲಾಗಿದ್ದವು, ಈಗ ಅಲ್ಲಿಯ ಬಹುಪಾಲು ಯಂತ್ರಗಳು ಅದರಲ್ಲೇ ನಡೆಯುತ್ತವೆ. ಸಿಬ್ಬಂದಿ ದಿನವಿಡೀ ನೋಡುತ್ತಿದ್ದ ತಂತ್ರಾಂಶಗಳು ಹಾಗೇ ಇದ್ದುದರಿಂದ ಕೊನೆಯ ಹೆಜ್ಜೆ ಸದ್ದಿಲ್ಲದೆ ಮುಗಿಯಿತು. ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳ ಬದಲಾವಣೆ ಘೋಷಿಸಿದಾಗ ಹಿಡಿದದ್ದೂ ಇದೇ ಕ್ರಮ: ಮೊದಲು ಓಪನ್‌ಆಫೀಸ್‌ನಂಥದ್ದೇ ಆದ ಲಿಬ್ರೆಆಫೀಸ್ ಮತ್ತು ಇಮೇಲ್, ಲಿನಕ್ಸ್ ಆಮೇಲೆ.

ಇಲ್ಲಿ ಮ್ಯೂನಿಕ್ ನಗರದ ಉದಾಹರಣೆ ಎತ್ತಿ ಆಕ್ಷೇಪಿಸುವವರು ಇದ್ದಾರೆ, ಆ ಆಕ್ಷೇಪಕ್ಕೆ ತೂಕವೂ ಇದೆ. ಮ್ಯೂನಿಕ್ ನಗರಸಭೆ 2003ರಲ್ಲಿ ವಿಂಡೋಸ್ ಬಿಡುವುದೆಂದು ನಿರ್ಧರಿಸಿತು. ಅದನ್ನು ತಪ್ಪಿಸಲು ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್ ತಾವೇ ಹೋಗಿ ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಂಡಿದ್ದರು. ಹತ್ತು ವರ್ಷ ಹಿಡಿದು, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳು ಲಿಮುಕ್ಸ್ ಎಂಬ ಲಿನಕ್ಸ್‌ಗೆ ಬಂದವು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳುವ ತೀರ್ಮಾನ ಕೈಗೊಂಡಿತು. ‘ಜರ್ಮನ್ನರಿಗೇ ಆಗದ್ದು ನಮಗಾದೀತೇ’ ಎಂಬ ಮಾತು ಅಂದಿನಿಂದ ಕೇಳಿಬರುತ್ತಿದೆ. ಆದರೆ ಮ್ಯೂನಿಕ್ ಎಲ್ಲಿ ಏದುಸಿರು ಬಿಟ್ಟಿತು ಎಂದು ನೋಡಬೇಕು. ಇಲಾಖೆಗಳು ವರ್ಷಗಳಿಂದ ಬೆಳೆಸಿಕೊಂಡ ಸಾವಿರಾರು ಪತ್ರಮಾದರಿ, ಮ್ಯಾಕ್ರೊಗಳನ್ನು ಹೊಸ ರೂಪಕ್ಕೆ ತರಲು ವೋಲ್‌ಮುಕ್ಸ್ ಎಂಬ ತಂತ್ರಾಂಶವನ್ನೇ ಅವರು ಕಟ್ಟಬೇಕಾಯಿತು. ವಿಂಡೋಸ್‌ನಲ್ಲಷ್ಟೇ ನಡೆಯುವ ಇಲಾಖಾ ತಂತ್ರಾಂಶಗಳು ಉಳಿದೇ ಉಳಿದವು. ಹೊರಗಿನ ಕಚೇರಿಗಳು ವರ್ಡ್ ಕಡತಗಳನ್ನೇ ಕಳಿಸುತ್ತಿದ್ದವು. ಐಟಿ ಆಡಳಿತ ಹಲವು ಘಟಕಗಳಲ್ಲಿ ಹರಿದು ಹಂಚಿಹೋಗಿತ್ತು. ಮೇಯರ್ ಬದಲಾದ ಮೇಲೆ ರಾಜಕೀಯದ ಬೆಂಬಲವೂ ಕರಗಿತು. ನೌಕರರ ಬೆರಳು ಲಿನಕ್ಸ್‌ಗೆ ಒಗ್ಗಲಿಲ್ಲ ಎಂಬುದು ಈ ಕಥೆಯ ತಿರುಳಲ್ಲ. ಕಡತ ಮತ್ತು ಅದರ ಸುತ್ತಲಿನ ಕೊಡುಕೊಳ್ಳುವಿಕೆ ಎಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ ಎಂಬುದಕ್ಕೆ ಮ್ಯೂನಿಕ್ ನನ್ನ ವಾದದ ಸಾಕ್ಷಿಯಾಗಿಯೇ ನಿಲ್ಲುತ್ತದೆ.

ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೆಲವರ ಕೆಲಸಕ್ಕೆ ಬೇಕಾದ ತಂತ್ರಾಂಶ ಲಿನಕ್ಸ್‌ನಲ್ಲಿ ಇಲ್ಲವೇ ಇಲ್ಲ. ನಮ್ಮ ಬೆಂಗಳೂರಿನ ಕಂಪನಿಯೇ ಮಾಡುವ, ಅಂಗಡಿ ಅಂಗಡಿಯ ಲೆಕ್ಕ ಇಡುವ ಟ್ಯಾಲಿ ಕಂಪ್ಯೂಟರಿನಲ್ಲಿ ನಡೆಯುವುದು ವಿಂಡೋಸ್ ಮೇಲೆ. ಆಟೊಕ್ಯಾಡ್ ಇಲ್ಲದೆ ಕಟ್ಟಡದ ನಕ್ಷೆ ಬರೆಯುವವರ ದಿನ ಸಾಗದು. ಪೇಜ್‌ಮೇಕರ್ ನಂಬಿದ ಪ್ರೆಸ್ಸಿನವರ ಪಾಡೂ ಅದೇ, ಅವರಿಗೆ ಲಿನಕ್ಸ್‌ನಲ್ಲಿ ಪುಟ ಜೋಡಿಸುವ ಸ್ಕ್ರೈಬಸ್ ತಂತ್ರಾಂಶದ ಈಚಿನ ಆವೃತ್ತಿಗಳು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತವೆ ಎಂಬ ಸಮಾಧಾನ ಇದ್ದರೂ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್ ಮೇಲೆ ಓಡಿಸುವ ವೈನ್ 1993ರಿಂದ ಬೆಳೆಯುತ್ತ ಬಂದಿದೆ, ಆದರೆ ಅನ್ನ ಕೊಡುವ ಕೆಲಸವನ್ನು ಅದರ ಮೇಲೆ ಇಡಿ ಎಂದು ನಾನು ಯಾರಿಗೂ ಹೇಳಲಾರೆ. ಇಂಥವರು ವಿಂಡೋಸ್‌ನಲ್ಲಿ ಉಳಿಯುವುದೇ ಸರಿ, ಅದರಲ್ಲಿ ಸೋಲೇನಿಲ್ಲ. ಆದರೆ ಬ್ಯಾಂಕ್, ಇಮೇಲ್, ವಿಡಿಯೊ, ಪತ್ರ ಬರೆಯುವುದು, ಮಕ್ಕಳ ಪಾಠ ಇಷ್ಟಕ್ಕೇ ಕಂಪ್ಯೂಟರ್ ಬಳಸುವ ಮನೆಗಳಿಗೆ ಈ ಕಾರಣ ಅನ್ವಯಿಸದು. ಅವರ ಕೆಲಸದ ಹೆಚ್ಚುಪಾಲು ಬ್ರೌಸರ್ ಒಳಗೇ ಮುಗಿಯುತ್ತದೆ.

‘ಕೆಟ್ಟರೆ ಯಾರನ್ನು ಕೇಳುವುದು’ ಎಂಬುದು ಮೂರನೆಯ ಆಕ್ಷೇಪ. ಬೀದಿ ಕೊನೆಯ ರಿಪೇರಿ ಅಂಗಡಿಯವನಿಗೆ ವಿಂಡೋಸ್ ಗೊತ್ತು, ಫಾರ್ಮ್ಯಾಟ್ ಮಾಡಿ ಕೊಡುತ್ತಾನೆ. ಲಿನಕ್ಸ್ ಎಂದರೆ ತಲೆಯಾಡಿಸುವುದೇ ಹೆಚ್ಚು. ಇದು ನಿಜವಾದ ಕೊರತೆ. ಅದನ್ನು ತುಂಬಬಹುದು ಎಂಬುದಕ್ಕೆ ಲಿನಕ್ಸ್ ಬಳಸುವ ನೆರೆಯ ಕೇರಳದ ಸರ್ಕಾರಿ ಶಾಲೆಗಳೇ ಉದಾಹರಣೆ. ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಎಂಬ ಹೆಸರಿನಲ್ಲಿ ನಡೆಯುವ ಅಲ್ಲಿಯ ಯೋಜನೆ ಹೊರಗಿನ ತಂತ್ರಜ್ಞರನ್ನು ಕಾಯುತ್ತ ಕೂರಲಿಲ್ಲ; ಶಾಲಾ ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರಿಂದ ಉಳಿದ ಶಿಕ್ಷಕರಿಗೆ ಕಲಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಪಾಠ ಕಲಿಯುತ್ತಿದ್ದಾರೆ. ಗೊತ್ತಿರುವ ಒಬ್ಬರು ಹತ್ತಿರದಲ್ಲಿದ್ದರೆ ಸಾಕು. ಆ ಒಬ್ಬರು ಮನೆಯಲ್ಲೋ ನೆರೆಯಲ್ಲೋ ಸಿಗುವವರೆಗೆ ಒಂಟಿಯಾಗಿ ಇಳಿಯದಿರುವುದು ಲೇಸು.

ಕನ್ನಡ ಟೈಪಿಂಗ್ ಬಗ್ಗೆ ಎರಡು ಮಾತು ಹೇಳಲೇಬೇಕು, ಎಷ್ಟೋ ಜನ ಹಿಂದೆಗೆಯುವುದು ಅದಕ್ಕಾಗಿ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದು ನುಡಿಯಿಂದ ಮನೆಮಾತಾದ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಐಬಸ್ ಎಂಬ ವ್ಯವಸ್ಥೆಯ ಮೂಲಕ ಕೆಜಿಪಿ ಎಂಬ ಹೆಸರಿನ ಆ ವಿನ್ಯಾಸ ಸೇರಿಸಿಕೊಂಡರೆ ಎಫ್ ಕೀಲಿಯಿಂದ ಒತ್ತು ಕೊಡುವ ಅದೇ ಅಭ್ಯಾಸ ಮುಂದುವರಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೇರವಾಗಿ ಸಿಗುವ, ಕಗಪ ಎಂಬ ಅದೇ ಬಗೆಯ ಕೀಲಿಮಣೆಯಲ್ಲಿ ಸ್ವರಗಳ ನಡವಳಿಕೆ ತುಸು ಬೇರೆ; ಮೊದಲಿಗೆ ಅದನ್ನು ಆರಿಸಿಕೊಂಡು ಬೇಸತ್ತವರು ಐಬಸ್‌ನದನ್ನು ಒಮ್ಮೆ ನೋಡಬೇಕು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆಯ ರೂಢಿಯವರಿಗೆ ಯಾವ ತೊಡಕೂ ಇಲ್ಲ.

ಇವೆಲ್ಲ ಸೇರಿ ಒಂದು ಕ್ರಮ ಕಾಣುತ್ತದೆ. ಹಳೆಯ ವಿಂಡೋಸ್‌ನಲ್ಲಿ ಇರುವಾಗಲೇ ಕನ್ನಡದ ಕಡತಗಳನ್ನು ಯೂನಿಕೋಡ್‌ಗೆ ತನ್ನಿ, ಲಿಬ್ರೆಆಫೀಸ್ ಹಾಕಿಕೊಂಡು ಒಂದೆರಡು ತಿಂಗಳು ಅದರಲ್ಲೇ ಬರೆಯಿರಿ. ವರ್ಡ್‌ನಲ್ಲಿ ಮಾಡಿದ ದಾಖಲೆಯ ಪುಟಗಳು ಅಲ್ಲಿ ಕೊಂಚ ಸರಿದು ಕೂರಬಹುದು, ಫಾಂಟ್ ಬದಲಾಗುವುದು ಅದಕ್ಕೆ ಮುಖ್ಯ ಕಾರಣ; ಯಾರೂ ತಿದ್ದಬೇಕಿಲ್ಲದ ಪ್ರತಿಯನ್ನು ಪಿಡಿಎಫ್ ಆಗಿ ಕಳಿಸಿದರೆ ಆ ತಲೆನೋವಿಲ್ಲ. ಆಮೇಲೆ ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. ಹಾರ್ಡ್‌ಡಿಸ್ಕ್ ಮುಟ್ಟದೆಯೇ ಅದು ಓಡುತ್ತದೆ. ವೈಫೈ, ಪ್ರಿಂಟರ್, ಧ್ವನಿ ಮೂರೂ ಸರಿಯಿವೆಯೇ ಎಂದು ಪರೀಕ್ಷಿಸಲು ಅಷ್ಟು ಸಾಕು. ಪ್ರಿಂಟರ್ ಒಂದು ಕೈಕೊಟ್ಟರೂ ಮುಂದೆ ಹೋಗುವ ಮುನ್ನ ಎರಡು ಸಲ ಯೋಚಿಸಿ.

ಹೊಸ ಕಂಪ್ಯೂಟರನ್ನೇ ಕೊಳ್ಳುತ್ತೇನೆ, ನನಗೇಕೆ ಈ ರಗಳೆ ಎನ್ನುವವರು ಇರಬಹುದು. ಹೊಸ ಯಂತ್ರ ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಿ. ಆದರೆ ಹಳೆಯ ನುಡಿ ಫಾಂಟು ಹೊಸ ವಿಂಡೋಸ್‌ನ ಜೊತೆಗೆ ತಾನಾಗಿ ಬರುವುದಿಲ್ಲ. ಯಾರೋ ಹುಡುಕಿ ಹಾಕಬೇಕು. ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ. ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅಪ್ಪನ ಲೇಖನಗಳೋ ಸಂಘದ ವರದಿಗಳೋ ಪ್ರೆಸ್ಸಿಗೆ ಕೊಟ್ಟ ಪುಸ್ತಕವೋ ಇದ್ದರೆ, ಆ ಯಂತ್ರವನ್ನು ಗುಜರಿಗೆ ಹಾಕುವ ಮೊದಲು, ಫಾರ್ಮ್ಯಾಟ್ ಮಾಡಿಸುವ ಮೊದಲು, ದಯವಿಟ್ಟು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಓದಿ ತಿದ್ದಿ, ಎರಡು ಬೇರೆ ಬೇರೆ ಕಡೆ ಪ್ರತಿ ಇಟ್ಟುಕೊಳ್ಳಿ. ಮೂಲ ಕಡತವನ್ನೂ ಅಳಿಸಬೇಡಿ. ಪರಿವರ್ತನೆಯಲ್ಲಿ ಉಳಿದ ತಪ್ಪು ಮುಂದೆ ಕಣ್ಣಿಗೆ ಬಿದ್ದಾಗ ತಾಳೆ ನೋಡಲು ಅದು ಬೇಕಾಗುತ್ತದೆ.